ಗಾಡಿ ಎಷ್ಟೊತ್ತಿಗೆ ಬಂತು?

ಕಾರಟಗಿ ಬಸ್ ನಿಲ್ದಾಣದ ಮುಂದೆ ನಿಂತು ಮೊಬೈಲಿನಲ್ಲಿ 112 ಒತ್ತಿದರೆ ಫೋನ್ ಎತ್ತುವವರು ಇಲ್ಲಿನ ಠಾಣೆಯವರಲ್ಲ. ಕರೆ ಮುನ್ನೂರೈವತ್ತು ಕಿಲೋಮೀಟರಿಗೂ ಆಚೆಯ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿನ ರಾಜ್ಯ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತ ಸಿಬ್ಬಂದಿ ಯಾರು, ಎಲ್ಲಿ, ಏನಾಗಿದೆ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಘಟನೆಗೆ ಒಂದು ಸಂಖ್ಯೆ ಬೀಳುತ್ತದೆ. ಆಮೇಲೆ ಅದು ಕೊಪ್ಪಳದ ಜಿಲ್ಲಾ ನಿಯಂತ್ರಣ ಕೊಠಡಿಗೆ ಬಂದು, ಅಲ್ಲಿಂದ ನಮ್ಮ ಭಾಗದಲ್ಲಿ ತಿರುಗುವ 112 ಗಾಡಿಯ ಟ್ಯಾಬಿನಲ್ಲಿ ಸದ್ದು ಮಾಡುತ್ತದೆ. ಗಾಡಿಯಲ್ಲಿರುವ ಪೊಲೀಸರು ಒಪ್ಪಿಕೊಂಡೆವು ಎಂದು ಒತ್ತಬೇಕು, ಜಾಗ ಮುಟ್ಟಿದ ಮೇಲೆ ಮುಟ್ಟಿದೆವು ಎಂದು ಒತ್ತಬೇಕು, ಕೆಲಸ ಮುಗಿದ ಮೇಲೆ ಮುಗಿಯಿತು ಎಂದು ಒತ್ತಬೇಕು. ಒಂದೊಂದು ಒತ್ತಿಗೂ ಒಂದೊಂದು ಸಮಯ ದಾಖಲಾಗುತ್ತದೆ.

ವ್ಯವಸ್ಥೆ ಕೆಟ್ಟದ್ದೇನಲ್ಲ. ದಿಲ್ಲಿಯ 2012ರ ಡಿಸೆಂಬರ್ ಅತ್ಯಾಚಾರ ಪ್ರಕರಣದ ನಂತರ ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ ಬೇಕೆಂಬ ಒತ್ತಾಯ ಬಲವಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2015ರಲ್ಲಿ 112 ಸಂಖ್ಯೆಯನ್ನು ಶಿಫಾರಸು ಮಾಡಿತು. 2018ರ ನವೆಂಬರ್‌ನಲ್ಲಿ ಮೊದಲು ಹಿಮಾಚಲ ಪ್ರದೇಶದಲ್ಲಿ ಶುರುವಾಗಿ, ಮರುವರ್ಷ ಕರ್ನಾಟಕಕ್ಕೂ ಬಂತು. ದುಡ್ಡು ನಿರ್ಭಯಾ ನಿಧಿಯದು. ಹಳೆಯ 100 ನಂಬರ್ ಹಚ್ಚಿದರೆ ಠಾಣೆಯಲ್ಲೋ ಕಂಟ್ರೋಲ್ ರೂಮಿನಲ್ಲೋ ಯಾರೋ ಎತ್ತುತ್ತಿದ್ದರು, ಎತ್ತದೆಯೂ ಇರುತ್ತಿದ್ದರು. ಈಗ ಕರೆ ಧ್ವನಿಮುದ್ರಣ ಆಗುತ್ತದೆ, ಬರೆದಿಡಲಾಗುತ್ತದೆ. ಅಷ್ಟರಮಟ್ಟಿಗೆ ಇದು ದೊಡ್ಡ ಹೆಜ್ಜೆ.

ಆದರೆ ಬೆಂಗಳೂರಿನಲ್ಲಿ ಕೂತವರಿಗೆ ನಮ್ಮ ಜಾಗ ಹೇಳಿ ತಿಳಿಸುವುದು ಸುಲಭವಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಇಲ್ಲಿ ಬಂದು ನೆಲೆಸಿದರು. ಅವರು ಕಟ್ಟಿದ ಊರುಗಳೇ ಕ್ಯಾಂಪ್‌ಗಳು. ಕೆಲವಕ್ಕೆ ದೇವರ ಹೆಸರು, ಕೆಲವಕ್ಕೆ ಮೊದಲು ಬಂದ ಯಜಮಾನನ ಹೆಸರು. ಗಂಗಾವತಿ ಕಡೆಗೆ ಇರುವ ಹೆಸರೇ ಸಿಂಧನೂರು ಕಡೆಗೂ ಇರುತ್ತದೆ. ಸಿಂಧನೂರೆಂದರೆ ರಾಯಚೂರು ಜಿಲ್ಲೆ. ಹೆಸರೊಂದು ತಪ್ಪಿದರೆ ಕರೆ ಜಿಲ್ಲೆಯನ್ನೇ ದಾಟಿಬಿಡುತ್ತದೆ. ಮೊಬೈಲ್ ಟವರಿನಿಂದ ಸಿಗುವ ಗುರುತು ಪೇಟೆಯಲ್ಲಿ ಪರವಾಗಿಲ್ಲ. ಗದ್ದೆ ಬಯಲಿನಲ್ಲಿ ಒಂದು ಟವರಿನ ಸುತ್ತ ಕಿಲೋಮೀಟರುಗಟ್ಟಲೆ ಭತ್ತವೇ ಇರುತ್ತದೆ. ಕರೆ ಮಾಡುವವರಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ, ಅಕ್ಕಿ ಗಿರಣಿಗಳಿಗೆ ಬಿಹಾರದಿಂದ ಬಂದು ಹಿಂದಿ ಬಿಟ್ಟರೆ ಬೇರೆ ಬಾರದ ಹುಡುಗರಿದ್ದಾರೆ.

ನಮ್ಮವರು ಜಾಗ ಹೇಳುವುದು ಕಾಲುವೆ ಲೆಕ್ಕದಲ್ಲಿ. ಎಡದಂಡೆ ಕಾಲುವೆಗೆ ಮೈಲಿಗಳಿವೆ, ವಿತರಣಾ ಕಾಲುವೆಗಳಿಗೆ ನಂಬರಿದೆ. 47ನೇ ಮೈಲಿ, 69ನೇ ಮೈಲಿ ಎಂದರೆ ಸಿಂಧನೂರು, ಮಾನ್ವಿ ಕಡೆಯ ರೈತನಿಗೆ ಬೇರೇನೂ ಹೇಳಬೇಕಿಲ್ಲ. ನೀರಿನ ಸರದಿ, ಗೇಜ್, ಜಗಳ, ಎಲ್ಲ ಅದೇ ಲೆಕ್ಕದಲ್ಲಿ. ಕಾಲುವೆಯ ಪ್ರತಿ ಮೈಲಿಕಲ್ಲು, ಪ್ರತಿ ತೂಬು, ಪ್ರತಿ ಸೇತುವೆ ನೀರಾವರಿ ಇಲಾಖೆಯ ನಕ್ಷೆಯಲ್ಲಿ ಇದೆ. ಆ ನಕ್ಷೆಯನ್ನು 112ರ ಕಂಪ್ಯೂಟರಿಗೆ ಸೇರಿಸಿದರೆ, ಹೊಲದಲ್ಲಿ ನಿಂತವನು ಹೇಳುವ ಜಾಗ ಬೆಂಗಳೂರಿನಲ್ಲಿ ಕೂತವರಿಗೆ ಅರ್ಥವಾಗುತ್ತದೆ. ಹೊಸದಾಗಿ ಅಳೆಯುವ ಕೆಲಸವೇ ಇಲ್ಲ. ಎರಡು ಇಲಾಖೆ ಒಂದು ಮೇಜಿನ ಮುಂದೆ ಕೂತರೆ ಮುಗಿಯುತ್ತದೆ.

ಕಾಲುವೆ ದಂಡೆಯ ಮೇಲೆ ಏನಾಗಬಹುದು ಎಂಬುದನ್ನು 2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಾಣಾಪುರದಲ್ಲಿ ದೇಶವೇ ನೋಡಿತು. ನಕ್ಷತ್ರ ನೋಡಲು ಇದೇ ಎಡದಂಡೆ ಕಾಲುವೆ ಬಳಿ ಕೂತಿದ್ದ ಐವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಮೂವರು ಗಂಡಸರು. ಬೈಕಿನಲ್ಲಿ ಬಂದ ಮೂವರು ಪೆಟ್ರೋಲ್ ಕೇಳುವ ನೆಪ ತೆಗೆದು, ದುಡ್ಡು ಕೇಳಿ, ಗಂಡಸರನ್ನು ಕಾಲುವೆಗೆ ನೂಕಿದರು. ಇಸ್ರೇಲಿನ ಪ್ರವಾಸಿ ಮಹಿಳೆ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಒಡಿಶಾದಿಂದ ಬಂದಿದ್ದ ಯುವಕನ ಶವ ಎರಡು ದಿನದ ಮೇಲೆ ಸಿಕ್ಕಿತು. ಬೀದಿದೀಪವಿಲ್ಲದ, ಮನೆಯಿಲ್ಲದ, ಫಲಕವಿಲ್ಲದ ದಾರಿ ಅದು. ಅಂಥ ದಾರಿಯೇ ಕಾರಟಗಿ ಸುತ್ತಲೂ ಇದೆ. ರಾತ್ರಿ ಮೋಟಾರ್ ಚಾಲೂ ಮಾಡಲು ಹೋಗುವ ರೈತ, ನಾಟಿ ಮುಗಿಸಿ ಕತ್ತಲಾದ ಮೇಲೆ ಟಂಟಂನಲ್ಲಿ ಮರಳುವ ಹೆಣ್ಣಾಳುಗಳು, ಎಲ್ಲರೂ ಅದೇ ದಂಡೆಯ ಮೇಲೆ ಓಡಾಡುತ್ತಾರೆ.

ನಾನು ಇಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಹುಟ್ಟಿದ್ದು ಇದೇ ಸೀಮೆ, ದುಡಿಯುತ್ತಿರುವುದೂ ಇಲ್ಲೇ. ಪೊಲೀಸ್ ವಿಷಯದಲ್ಲಿ ನಾನು ತಜ್ಞನಲ್ಲ, ಆದರೆ ಸಮಯ ಬರೆದಿಡುವುದು ನನ್ನ ಕಸುಬು. ಗಿರಣಿಗೆ ಭತ್ತದ ಲಾರಿ ಬಂದರೆ ಮೊದಲು ವೇಬ್ರಿಡ್ಜ್ ಮೇಲೆ ಹತ್ತುತ್ತದೆ. ತೂಕದ ಚೀಟಿಯಲ್ಲಿ ಲಾರಿ ನಂಬರು, ತುಂಬಿದ ತೂಕ, ಬಂದ ಸಮಯ; ಖಾಲಿಯಾಗಿ ಹೊರಡುವಾಗ ಖಾಲಿ ತೂಕ, ಹೊರಟ ಸಮಯ. ಚೀಟಿಯ ಒಂದು ಪ್ರತಿ ರೈತನ ಕೈಗೆ ಹೋಗುತ್ತದೆ. ಒಂದು ಚೀಲ ಹೆಚ್ಚುಕಡಿಮೆ ಆದರೂ ಅವನು ಆ ಚೀಟಿ ಹಿಡಿದು ಗದ್ದುಗೆಯ ಮುಂದೆ ನಿಲ್ಲುತ್ತಾನೆ, ನಿಲ್ಲಬೇಕು ಕೂಡ. ಭತ್ತಕ್ಕೆ ಇರುವ ಆ ಚೀಟಿ ಜೀವ ಉಳಿಸಿ ಎಂದು ಕೂಗಿದವರ ಕೈಯಲ್ಲಿ ಇಲ್ಲ. ನನಗೆ ಹೇಳಬೇಕೆನಿಸಿರುವುದು ಇದೊಂದೇ ಮಾತು.

ಗಿರಣಿ ಹಿಂದೆ ಹಮಾಲರ ಲೈನ್ ಮನೆಗಳಿವೆ. ಸುಗ್ಗಿಯ ದಿನಗಳಲ್ಲಿ ರಾತ್ರಿ ಪಾಳಿ ಇರುತ್ತದೆ, ನಾನೂ ಅಲ್ಲೇ ಇರುತ್ತೇನೆ. ಒಂದು ರಾತ್ರಿ ಹತ್ತೂವರೆ ದಾಟಿತ್ತು, ಲೈನಿನ ಕೊನೆಯ ಮನೆಯಿಂದ ಹೆಣ್ಣುಮಗಳು ಚೀರುವ ಸದ್ದು. ಗಂಡ ಒಳಗಿನಿಂದ ಚಿಲಕ ಹಾಕಿಕೊಂಡು ಹೊಡೆಯುತ್ತಿದ್ದ, ಕೈಯಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಇತ್ತು. ಕಿಟಕಿಯಿಂದ ಕಾಣುತ್ತಿತ್ತು. ನಾನು ಪೊಲೀಸರಿಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಕೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ:

“ಕುಡುದಾನೇನ್ರಿ? ಗಂಡಾ ಹೆಂಡ್ತಿ ಜಗಳ ಹೌದಲ್ರಿ?”

“ಹೌದ್ರಿ, ಆದ್ರ ಕೊಕ್ಕಿ ಹಿಡದಾನ್ರಿ, ಬಾಗ್ಲಾ ಹಾಕ್ಯಾನ್ರಿ. ಲಗೂ ಬರ್ರಿ.”

“ಬರ್ತೀವಿ, ನೀವು ಸಮಾಧಾನ ಮಾಡ್ಸ್ರಿ.”

ಸಮಾಧಾನ ಮಾಡಿಸಿದ್ದು ಲೈನಿನ ಹೆಂಗಸರು. ನಾಲ್ಕು ಮಂದಿ ಸೇರಿ ಒನಕೆಯಿಂದ ಬಾಗಿಲಿನ ಚಿಲಕ ಮುರಿದರು. ಒಬ್ಬ ಮುದುಕಿ ನೇರ ಒಳಗೆ ಹೋಗಿ ಆ ಹೆಣ್ಣುಮಗಳ ಮೇಲೆ ತಾನೇ ಬಿದ್ದು ಮರೆಮಾಡಿದಳು. ಮುದುಕಿಯ ಮೊಣಕೈಗೆ ಕೊಕ್ಕೆ ತಾಗಿ ರಕ್ತ ಬಂತು. ಗಾಡಿ ಬಂದಾಗ ಗಿರಣಿಯ ಗೇಟಿನ ಕ್ಯಾಮೆರಾ ಹನ್ನೆರಡು ದಾಟಿದೆ ಎಂದು ತೋರಿಸುತ್ತಿತ್ತು. ಆಗ ಗಂಡ ಓಡಿಹೋಗಿದ್ದ. ಬಂದವರು ಒಳ್ಳೆಯ ಮಾತಿನವರೇ. ಹೆಣ್ಣುಮಗಳನ್ನು ಆಸ್ಪತ್ರೆಗೆ ಕಳಿಸಿದರು, ಬೆಳಿಗ್ಗೆ ಬಂದು ದೂರು ಕೊಡಿ ಎಂದರು. ಬೆಳಿಗ್ಗೆ ಅವಳು ದೂರು ಕೊಡಲಿಲ್ಲ. ರಾತ್ರಿ ಬಾರದವರು ಹಗಲು ಏನು ಕಾಯುತ್ತಾರೆ ಎಂದು ಅವಳು ಕೇಳಿದ್ದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಇಂಥ ಮಾಹಿತಿ ಬಂದಾಗ ರಕ್ಷಣಾಧಿಕಾರಿಯ ಬಗ್ಗೆ, ಉಚಿತ ಕಾನೂನು ನೆರವಿನ ಬಗ್ಗೆ, ರಕ್ಷಣಾ ಆದೇಶ ಕೇಳುವ ಹಕ್ಕಿನ ಬಗ್ಗೆ ಆ ಹೆಣ್ಣುಮಗಳಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಗಂಡ ಹೆಂಡ್ತಿ ಜಗಳ ಎಂಬ ಮೂರು ಪದದಲ್ಲಿ ಆ ಕಾಯ್ದೆ ಪೂರಾ ಮುಳುಗಿಹೋಗುತ್ತದೆ.

ಈ ಅನುಭವದ ಮೇಲೆ ಊರಿನವರನ್ನು ಕೇಳುತ್ತ ಹೋದೆ. ಕಳ್ಳತನ, ಹೊಡೆದಾಟ, ಅಪಘಾತ, ಏನೇ ಆದರೂ ಮೊದಲು ಯಾರಿಗೆ ಫೋನ್ ಹಚ್ಚುತ್ತೀರಿ? ಹೆಚ್ಚಿನವರು ಹೇಳಿದ್ದು ಪುರಸಭೆ ಮೆಂಬರ್, ಪಕ್ಷದ ಹುಡುಗರು, ಇಲ್ಲವೇ ಗುರುತಿನ ಪೊಲೀಸಪ್ಪನ ಖಾಸಗಿ ನಂಬರು. “ಅಣ್ಣಾ, ಸ್ವಲ್ಪ ನೋಡ್ರಿ” ಎಂದರೆ ಅವನು ಇನ್ನೊಬ್ಬನಿಗೆ ಹೇಳುತ್ತಾನೆ. ಕೆಲಸ ಆಗುವುದೂ ಉಂಟು. ಆದರೆ ಆ ಕರೆ ಎಲ್ಲಿಯೂ ದಾಖಲಾಗುವುದಿಲ್ಲ. ನಾಳೆ ಕೋರ್ಟಿನಲ್ಲಿ ಎಷ್ಟೊತ್ತಿಗೆ ತಿಳಿಸಿದಿರಿ ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಗುರುತಿನ ಪೊಲೀಸಪ್ಪ ಇಲ್ಲದ ಹಮಾಲನ ಹೆಂಡತಿ, ಬಿಹಾರದ ಹುಡುಗ, ಊರ ಹೊರಗಿನ ಕೇರಿಯ ಕುಟುಂಬ, ಇವರು ಈ ಸರಪಳಿಯ ಹೊರಗೇ ಉಳಿಯುತ್ತಾರೆ. ದಾಖಲಾಗುವ ನಂಬರಿಗೆ ಕರೆ ಮಾಡುವುದನ್ನು ನಾವೇ ರೂಢಿ ಮಾಡಿಕೊಳ್ಳಬೇಕು ಎಂದು ನಾನು ಹೇಳುವುದು ಅದಕ್ಕೇ.

ಜನ ಸುಮ್ಮನೆ ನೋಡುತ್ತ ನಿಂತರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿ ಸಾಕ್ಷಿ. 2023ರ ಡಿಸೆಂಬರ್ 11ರ ನಸುಕಿಗೆ ಮುಂಚಿನ ಕತ್ತಲೆ. ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟ ಎಂಬ ಸಿಟ್ಟಿಗೆ ಹುಡುಗಿಯ ಕಡೆಯವರು ಅವನ ತಾಯಿಯನ್ನು ಮನೆಯಿಂದ ಎಳೆದು ತಂದು, ಬೆತ್ತಲೆ ಮಾಡಿ ನಡೆಸಿ, ವಿದ್ಯುತ್ ಕಂಬಕ್ಕೆ ಕಟ್ಟಿ ಹೊಡೆದರು. ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರಿದ್ದ ಹೈಕೋರ್ಟ್ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಹತ್ತಾರು ಜನ ನೋಡುತ್ತ ನಿಂತಿದ್ದರು, ಬಿಡಿಸಲು ಮುಂದಾದವನು ಒಬ್ಬನೇ, ಅವನಿಗೂ ಏಟು ಬಿತ್ತು ಎಂಬ ಸಂಗತಿ ನ್ಯಾಯಮೂರ್ತಿಗಳನ್ನು ಕಲಕಿತು. ಸುಮ್ಮನೆ ನಿಂತ ಊರಿಗೇ ಬ್ರಿಟಿಷರ ಕಾಲದಲ್ಲಿ ದಂಡ ಹಾಕುತ್ತಿದ್ದುದನ್ನು ಪೀಠ ನೆನಪಿಸಿತು. ಕಾಕತಿ ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರು. ಪ್ರತಿ ಮನೆಯಲ್ಲೂ ಮೊಬೈಲ್ ಇರುವ ಕಾಲ ಇದು. ಪೊಲೀಸರು ಬೇಗ ಬರಲಿಲ್ಲ ಎಂದು ದೂರುವ ನಾವು ಬೇಗ ಕರೆದೆವೇ ಎಂಬ ಪ್ರಶ್ನೆಯನ್ನೂ ಎದುರಿಸಬೇಕು.

ಕರೆದರೂ ಕೇಳಿಸಿಕೊಳ್ಳದ ಪ್ರಕರಣ ಹುಬ್ಬಳ್ಳಿಯದು. 2024ರ ಮೇ 15ರ ಬೆಳಗಿನ ಜಾವ ವೀರಾಪುರ ಓಣಿಯ ಮನೆಗೆ ನುಗ್ಗಿದ ಯುವಕ ಇಪ್ಪತ್ತು ವರ್ಷದ ಹುಡುಗಿಯನ್ನು ಇರಿದು ಕೊಂದ. ಅವನು ಬೆದರಿಸುತ್ತಿದ್ದಾನೆ ಎಂದು ಮೊದಲೇ ಬೆಂಡಿಗೇರಿ ಠಾಣೆಗೆ ಹೋಗಿ ಹೇಳಿದ್ದೆವು, ಹಗುರವಾಗಿ ತೆಗೆದುಕೊಂಡರು ಎಂದು ಹುಡುಗಿಯ ಅಜ್ಜಿ ಹೇಳಿದರು. ಇನ್‌ಸ್ಪೆಕ್ಟರ್, ಮಹಿಳಾ ಮುಖ್ಯ ಪೇದೆ, ಆಮೇಲೆ ಡಿಸಿಪಿಯೂ ಅಮಾನತಾದರು. ಅದೇ ಊರಿನ ಕಾಲೇಜು ಆವರಣದಲ್ಲಿ ಏಪ್ರಿಲ್ 18ರಂದು ಇನ್ನೊಬ್ಬ ವಿದ್ಯಾರ್ಥಿನಿ ಹೀಗೆಯೇ ಕೊಲೆಯಾಗಿ ತಿಂಗಳೂ ತುಂಬಿರಲಿಲ್ಲ. ಅಮಾನತು ಸತ್ತ ಮೇಲೆ ಬರುವ ಆದೇಶ. ಅಜ್ಜಿ ಠಾಣೆಯ ಮೆಟ್ಟಿಲು ಹತ್ತಿದ ದಿನ ಒಂದು ಸಂಖ್ಯೆ, ಒಂದು ಸಮಯ, ಒಂದು ಸಹಿ ಬಿದ್ದಿದ್ದರೆ ಯಾರಾದರೂ ಒಬ್ಬರು ಅದಕ್ಕೆ ಬಾಧ್ಯಸ್ಥರಾಗುತ್ತಿದ್ದರು.

ನಮ್ಮ ಜಿಲ್ಲೆಯದೇ ಮರಕುಂಬಿಯನ್ನು ಬಿಟ್ಟು ಮಾತಾಡಲಾಗದು. ಗಂಗಾವತಿಯ ಸಿನಿಮಾ ಮಂದಿರದಲ್ಲಿ ಶುರುವಾದ ಜಗಳ 2014ರ ಆಗಸ್ಟ್ 28ರಂದು ಊರಿಗೆ ಬಂತು. ದಲಿತರ ಕೇರಿಗೆ ನುಗ್ಗಿ ಹೊಡೆದರು, ಮನೆಗಳಿಗೆ ಬೆಂಕಿ ಇಟ್ಟರು. ಆಮೇಲೆ ಊರಲ್ಲಿ ತಿಂಗಳುಗಟ್ಟಲೆ ಪೊಲೀಸ್ ಕಾವಲಿತ್ತು. ಕೊಪ್ಪಳದ ಜಿಲ್ಲಾ ಸೆಷನ್ಸ್ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಒಂದೇ ಪ್ರಕರಣದಲ್ಲಿ 101 ಜನರಿಗೆ ಶಿಕ್ಷೆ. ಮರುತಿಂಗಳೇ ಧಾರವಾಡದ ಹೈಕೋರ್ಟ್ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಬೆಂಕಿ ಹತ್ತುವ ಮೊದಲಿನ ಒಂದು ಗಂಟೆಯೇ ಇಂಥ ಜಾಗದಲ್ಲಿ ಮುಖ್ಯ. ಪೇಟೆಯಲ್ಲಿ ಜಗಳವಾದದ್ದು ಹಳ್ಳಿಗೆ ಬರುತ್ತದೆ ಎಂಬುದು ನಮ್ಮಲ್ಲಿ ಚಹಾದಂಗಡಿಯ ಹುಡುಗನಿಗೂ ಗೊತ್ತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ, ಬೇಕೆಂದೇ ಕರ್ತವ್ಯ ಬಿಟ್ಟ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆದರೆ ಬೇಕೆಂದೇ ಬಿಟ್ಟರು ಎಂದು ತೋರಿಸಲು ಮತ್ತೆ ಅದೇ ಬೇಕು: ಯಾವಾಗ ತಿಳಿಯಿತು, ಯಾವಾಗ ಹೊರಟರು, ಯಾವಾಗ ಮುಟ್ಟಿದರು.

ಪೊಲೀಸರ ಮಾತನ್ನೂ ಕೇಳಿದ್ದೇನೆ. ಹೆದ್ದಾರಿ ಪಕ್ಕದ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಿದ್ದ ಎಎಸ್‌ಐ ಒಬ್ಬರು, ನಿವೃತ್ತಿ ಹತ್ತಿರ ಬಂದವರು, ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ತೋರಿಸಿದರು. “ನೋಡ್ರಿ, ಇದ್ರಾಗ ಮ್ಯಾಪಿನ್ಯಾಗ ಚುಕ್ಕಿ ಬರ್ತೈತಿ. ಚುಕ್ಕಿ ಕಾಲುವಿ ಈ ದಂಡಿಗೆ ಇರ್ತೈತಿ, ಮನಿ ಆ ದಂಡಿಗೆ ಇರ್ತೈತಿ. ಸೇತುವೆ ಮುಂದ ಇರ್ತೈತಿ. ಮಳ್ಯಾಗ ಕಪ್ಪು ನೆಲ, ಗಾಡಿ ಹೂತ್ರ ಯಾರನ್ನ ಕರೀಲಿ?” ಅವರ ಮಾತಿನಲ್ಲಿ ಸಬೂಬಿನ ಧ್ವನಿ ಇರಲಿಲ್ಲ. ಗಾಡಿಯಲ್ಲಿ ಇದ್ದವರು ಅವರು ಮತ್ತು ಒಬ್ಬ ಚಾಲಕ. ಕುಡಿದು ಬೈಯುವುದಕ್ಕೆಂದೇ ಫೋನ್ ಮಾಡುವವರು, ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಕರೆ ಹೋಗುವುದು, ಪಕ್ಕದ ಮನೆಯವನನ್ನು ಹೆದರಿಸಲು ಸುಳ್ಳು ಹೇಳುವುದು, ಇವೆಲ್ಲ ದಿನದ ಪಾಡು ಎಂದರು. ಸುಳ್ಳು ಮಾಹಿತಿ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ 10 ಸಾವಿರ ರೂಪಾಯಿವರೆಗೆ ದಂಡ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಸುಳ್ಳು ಕರೆಗೆ ಗಾಡಿ ಹೋದ ಹೊತ್ತಿನಲ್ಲಿ ಇನ್ನೊಂದು ಮನೆ ಕಾಯುತ್ತಿರುತ್ತದೆ.

ಜನರ ಕೊರತೆ ನಿಜ, ಮತ್ತು ಅದು ಆಕಾಶದಿಂದ ಬಿದ್ದದ್ದಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಕಲಬುರಗಿಯ ಕೇಂದ್ರದಿಂದ ಅಕ್ರಮ ಬಯಲಿಗೆ ಬಂತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಗಿ ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಅಲ್ಲಿಯವರೆಗೂ ಆ ಹುದ್ದೆಗಳು ತುಂಬಲಿಲ್ಲ. ಇರುವವರನ್ನೂ ಬಂದೋಬಸ್ತು ಎಳೆದುಕೊಂಡು ಹೋಗುತ್ತದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಡಿಸೆಂಬರ್‌ನಲ್ಲಿ ಅಂಜನಾದ್ರಿಯಲ್ಲಿ ಹನುಮಮಾಲೆ ವಿಸರ್ಜನೆ, ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ, ಗಣಪತಿ, ಮೊಹರಂ, ಚುನಾವಣೆ, ಮಂತ್ರಿಗಳ ಪ್ರವಾಸ. ಜಾತ್ರೆಗೆ ಪೊಲೀಸ್ ಬೇಡ ಎನ್ನಲಾಗದು. ಆದರೆ ಆ ದಿನಗಳಲ್ಲಿ ಹಳ್ಳಿ ಠಾಣೆಯಲ್ಲಿ ಎಷ್ಟು ಜನ ಉಳಿದರು, ಅವತ್ತು ಬಂದ ಕರೆಗಳಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕಿದವರನ್ನು ನಾನು ಕಂಡಿಲ್ಲ.

ತುರ್ತು ಸಂಖ್ಯೆ ಎಂಬ ವಿಚಾರ ಹುಟ್ಟಿದ್ದೇ ಕಾಯಿಸಿದ ಒಂದು ಕರೆಯಿಂದ. 1935ರ ನವೆಂಬರ್ 10ರಂದು ಲಂಡನ್ನಿನ ವಿಂಪೋಲ್ ಬೀದಿಯ ಮನೆಗೆ ಬೆಂಕಿ ಬಿತ್ತು. ಎದುರು ಮನೆಯವನು ಫೋನ್ ಎತ್ತಿದ. ಆಗೆಲ್ಲ ಕರೆ ಜೋಡಿಸಲು ಟೆಲಿಫೋನ್ ವಿನಿಮಯ ಕೇಂದ್ರದ ಸಿಬ್ಬಂದಿ ಬೇಕಿತ್ತು. ಅವನ ಕರೆ ಉಳಿದ ಕರೆಗಳ ಸಾಲಿನಲ್ಲಿ ಕಾಯುತ್ತ ಉಳಿಯಿತು. ಐವರು ಹೆಂಗಸರು ಸತ್ತರು. ಅವನು ಸುಮ್ಮನಿರದೆ ಪತ್ರಿಕೆಗೆ ಬರೆದ. ಆ ಪತ್ರದಿಂದ ಸರ್ಕಾರ ವಿಚಾರಣೆ ನಡೆಸಿ, 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಶುರುವಾಯಿತು. ಅಮೆರಿಕದ 911ಕ್ಕೆ ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಿಂದ.

ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಕೊಲರಾಡೋದ ಕ್ಯಾಸಲ್ ರಾಕ್ ಊರಿನಲ್ಲಿ 1999ರ ಜೂನ್‌ನಲ್ಲಿ ಒಬ್ಬ ತಾಯಿ ರಾತ್ರಿಯಿಡೀ ಪೊಲೀಸರಿಗೆ ಮತ್ತೆ ಮತ್ತೆ ಮೊರೆಯಿಟ್ಟಳು. ಹತ್ತಿರ ಬರಕೂಡದೆಂದು ಕೋರ್ಟ್ ಆದೇಶವಿದ್ದ ಗಂಡ ಮೂವರು ಹೆಣ್ಣುಮಕ್ಕಳನ್ನು ಕರೆದೊಯ್ದಿದ್ದ. ಪೊಲೀಸರು ಕಾದು ನೋಡಿ ಎಂದರು. ಮೂರೂ ಮಕ್ಕಳು ಹೆಣವಾಗಿ ಸಿಕ್ಕರು. ಪೊಲೀಸ್ ಬಂದೇ ಬರಬೇಕೆಂದು ಒತ್ತಾಯಿಸುವ ಸಾಂವಿಧಾನಿಕ ಹಕ್ಕು ಆ ತಾಯಿಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಪು ಕೊಟ್ಟಿತು. ನ್ಯಾಯದ ಭಾಷೆಯಲ್ಲಿ ಏನೇ ಇರಲಿ, ಆ ತೀರ್ಪನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮಲ್ಲಿ ದಾರಿಗಳಿವೆ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ನಮ್ಮ ಹದ್ದಲ್ಲ ಎಂದು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಬರೆದೇ ಇಟ್ಟಿದೆ. ಪೊಲೀಸರ ವಿರುದ್ಧದ ದೂರಿಗೆ ರಾಜ್ಯದಲ್ಲೂ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಕಾನೂನಿನಲ್ಲಿ ಜಾಗವಿದೆ. ಅದು 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲ. ಇಷ್ಟೆಲ್ಲ ಇದ್ದರೂ ಕರೆ ಬಂದ ಇಷ್ಟು ನಿಮಿಷದಲ್ಲಿ ಪೊಲೀಸ್ ಬರಬೇಕೆಂದು ಹೇಳುವ ಕಾನೂನು ಇಲ್ಲ. ಸಕಾಲ ಎಂದು ನಾವು ಕರೆಯುವ 2011ರ ಕಾಯ್ದೆಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ದಿನ ಗೊತ್ತು ಮಾಡಿದ್ದಾರೆ. ತಡ ಮಾಡಿದರೆ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಕಾಗದಕ್ಕೆ ಗಡುವು ಕೊಟ್ಟ ರಾಜ್ಯ ಜೀವಕ್ಕೂ ಒಂದು ಗಡುವು ಕೊಡಬೇಕು. ಪೇಟೆಗೆ ಇಷ್ಟು ನಿಮಿಷ, ಹಳ್ಳಿಗೆ ಇಷ್ಟು, ಕ್ಯಾಂಪಿಗೆ ಇಷ್ಟು ಎಂದು ಬೇರೆ ಬೇರೆ ಇದ್ದರೂ ಪರವಾಗಿಲ್ಲ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಕೆಲವಿದೆ. ಸ್ಮಾರ್ಟ್‌ಫೋನಿನ ಪವರ್ ಬಟನ್ನನ್ನು ಬೇಗ ಬೇಗ ಮೂರು ಸಲ ಒತ್ತಿದರೆ, ಬಟನ್ ಫೋನಿನಲ್ಲಿ 5 ಅಥವಾ 9 ಅಂಕಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ಹಾಗೆ ಹ್ಯಾಂಡ್‌ಸೆಟ್ ತಯಾರಿಸಬೇಕೆಂದು 2016ರಲ್ಲಿ ಕೇಂದ್ರ ನಿಯಮ ಮಾಡಿತು. ನಿಮ್ಮ ಫೋನಿನಲ್ಲಿ ಅದು ಹೇಗಿದೆ ಎಂದು ಇವತ್ತೇ ಸೆಟ್ಟಿಂಗ್‌ನಲ್ಲಿ ನೋಡಿ, ಮನೆಯ ಹೆಣ್ಣುಮಕ್ಕಳಿಗೂ ಮುದುಕರಿಗೂ ತೋರಿಸಿ. ಸುಮ್ಮನೆ ಒತ್ತಿ ಪರೀಕ್ಷೆ ಮಾಡಬೇಡಿ. ಕರೆ ಮಾಡಿದಾಗ ಮೊದಲು ಜಿಲ್ಲೆ, ತಾಲ್ಲೂಕು ಹೇಳಿ, ಆಮೇಲೆ ಊರು ಅಥವಾ ಕ್ಯಾಂಪು, ಆಮೇಲೆ ಎಲ್ಲರಿಗೂ ಕಾಣುವ ಗುರುತು: ಗುಡಿ, ಶಾಲೆ, ಗಿರಣಿ, ಕಾಲುವೆ ಸೇತುವೆ, ಯಾವ ದಂಡೆ. ಆಯುಧ ಇದೆಯೇ, ರಕ್ತ ಬಂದಿದೆಯೇ, ಮಕ್ಕಳು ಒಳಗಿದ್ದಾರೆಯೇ ಹೇಳಿ. ಫೋನ್ ಇಡುವ ಮೊದಲು ಘಟನೆಯ ಸಂಖ್ಯೆ ಕೇಳಿ ಬರೆದುಕೊಳ್ಳಿ. ಒಬ್ಬರನ್ನು ಟಾರ್ಚ್ ಕೊಟ್ಟು ಮುಖ್ಯ ರಸ್ತೆಗೆ ಕಳಿಸಿ. ಗಾಡಿ ಬಂದ ಸಮಯವನ್ನು ಅದೇ ಚೀಟಿಯ ಮೇಲೆ ಬರೆಯಿರಿ.

ಗಾಡಿ ತಡವಾಗಿ ಬಂದರೆ, ಬಾರದೆ ಹೋದರೆ, ಸುಮ್ಮನಾಗಬೇಡಿ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ, 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು; ಇದಕ್ಕೆ ಅಷ್ಟು ಪದವೂ ಬೇಡ. ಇಂಥ ದಿನ, ಇಂಥ ಸಂಖ್ಯೆಯ ಘಟನೆಗೆ ಕರೆ ಬಂದ ಸಮಯ, ಗಾಡಿಗೆ ಕಳಿಸಿದ ಸಮಯ, ಗಾಡಿ ಮುಟ್ಟಿದ ಸಮಯ, ಈ ಮೂರನ್ನೂ ಕೊಡಿ ಎಂದು ಬರೆದರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು.

ಕೊಪ್ಪಳ ಜಿಲ್ಲಾ ಪೊಲೀಸರಲ್ಲಿ ನನ್ನ ವಿನಂತಿ ಇಷ್ಟೇ. ಸಮಯಗಳೆಲ್ಲ ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇವೆ. ತಿಂಗಳಿಗೊಮ್ಮೆ ಪ್ರತಿ ಠಾಣೆಯ ಮುಂದೆ ಒಂದು ಫಲಕ ಹಾಕಿ: ಹೋದ ತಿಂಗಳು ಬಂದ ಕರೆ ಇಷ್ಟು, ಮುಟ್ಟಲು ಹಿಡಿದ ಸರಾಸರಿ ಸಮಯ ಇಷ್ಟು, ಎಲ್ಲಕ್ಕಿಂತ ತಡವಾದದ್ದು ಇಷ್ಟು, ತಡಕ್ಕೆ ಕಾರಣ ಇದು. ಯಾರ ಹೆಸರೂ ಬೇಡ, ಯಾರ ಮನೆಯ ಗುಟ್ಟೂ ಬೇಡ. ಜನ ಕಡಿಮೆ ಇದ್ದರೆ ಅದನ್ನೂ ಅದೇ ಫಲಕದ ಮೇಲೆ ಬರೆಯಿರಿ. ಆಗ ಸರ್ಕಾರದ ಹತ್ತಿರ ಜನ ಕೇಳಲು ನಾವೂ ನಿಮ್ಮ ಜೊತೆ ಬರುತ್ತೇವೆ.